ಮೆತ್ತಿಯ ಮೇಲೆ ಸಿಕ್ಕ ಭಾರತ: ಚಿತ್ರಗಳನ್ನು ಉಳಿಸಲೋ, ಹೊಳೆಗೆ ಬಿಡಲೋ?

ಪ್ರಶ್ನೆ:

"ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯ ಹಂಚು ತೆಗೆಸಿ ಮಾಡು ರಿಪೇರಿ ಮಾಡಿಸುವಾಗ ಮೆತ್ತಿಯ ಮೇಲಿನ ಪೆಟ್ಟಿಗೆಯಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ನಮ್ಮ ಮಾವನವರ ಅಪ್ಪ ಮಳೆಗಾಲದಲ್ಲಿ ಜಗಲಿ ಮೇಲೆ ಕೂತು ಓದುತ್ತಿದ್ದ ಕುಮಾರವ್ಯಾಸ ಭಾರತ. ಮೊದಲಿನ ಪುಟಗಳು ಇಲ್ಲ. ಒಳಗೆ ಕಪ್ಪು ಗೆರೆಯ ಚಿತ್ರಗಳು ತುಂಬಾ ಇವೆ. ನಡುನಡುವೆ ದಪ್ಪ ಕಾಗದದಲ್ಲಿ ಬಣ್ಣದ ಚಿತ್ರಗಳೂ ಇವೆ. ಕೃಷ್ಣನ ಚಿತ್ರವೊಂದು ಅರ್ಧ ಹರಿದಿದೆ. ದುಶ್ಶಾಸನನ ಮುಖವನ್ನು ಯಾರೋ ಕೆರೆದು ಹಾಕಿದ್ದಾರೆ.

ಮನೆಗೆ ಬಂದ ಪುರೋಹಿತರು 'ಭಿನ್ನವಾದ ದೇವರ ಚಿತ್ರ ಮನೆಯಲ್ಲಿ ಇರಬಾರದು, ಶಾಲ್ಮಲಾ ಹೊಳೆಗೆ ಬಿಟ್ಟುಬಿಡಿ' ಅಂದರು. ಬೆಂಗಳೂರಿನಲ್ಲಿರುವ ಮಗ ಕೊನೆಯ ಪುಟದಲ್ಲಿ '1867ನೇ ಇಸವಿ 25ನೇ ಆಕ್ಟಿನ ಪ್ರಕಾರ ರಿಜಿಸ್ಟರ್' ಅಂತ ಇರುವುದನ್ನು ನೋಡಿ, ಇದು 1867ರ ಪುಸ್ತಕ, ಲಕ್ಷಗಟ್ಟಲೆ ಬೆಲೆ ಬರುತ್ತದೆ ಅಂತಾನೆ. ಆದರೆ ಬಣ್ಣದ ಚಿತ್ರದ ಕೆಳಗೆ ಜರ್ಮನಿಯಲ್ಲಿ ಮುದ್ರಿತ ಅಂತ ಇಂಗ್ಲಿಷಿನಲ್ಲಿ ಇದೆ. ದ್ರೌಪದಿ ಮರಾಠಿ ಹೆಂಗಸರ ಹಾಗೆ ಸೀರೆ ಉಟ್ಟಿದ್ದಾಳೆ. ಹಾಗಾಗಿ 'ಚಿತ್ರಗಳು ನಮ್ಮವಲ್ಲ, ಬಿಳಿಯರು ಮಾಡಿದ್ದು, ಆಮೇಲೆ ಯಾರೋ ಅಂಟಿಸಿದ್ದು' ಅಂತಲೂ ಅವನೇ ಹೇಳುತ್ತಾನೆ. ಮಗಳ ಪ್ರಶ್ನೆಯೇ ಬೇರೆ, ರಾಕ್ಷಸರೆಲ್ಲ ಯಾಕೆ ಕಪ್ಪು ಅಂತ. ಹಳೇ ಸಾಮಾನು ಕೊಳ್ಳುವವರು ಒಬ್ಬರು ಬಣ್ಣದ ಹಾಳೆಗಳನ್ನು ಮಾತ್ರ ಕೊಡಿ ಅನ್ನುತ್ತಿದ್ದಾರೆ. ಪಕ್ಕದ ಮನೆಯವರು ಲ್ಯಾಮಿನೇಶನ್ ಮಾಡಿಸಿ ಅಂದರು. ಓಲೆಗರಿಗೆ ಹಚ್ಚುವ ಹಾಗೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಅಂದವರೂ ಇದ್ದಾರೆ. ಕೆಲವು ಪುಟಗಳ ಫೋಟೊ ಕಳಿಸಿದ್ದೇನೆ. ಏನು ಮಾಡಲಿ?"

ಉತ್ತರ:

ಮೊದಲು ಒಂದು ಮಾತು. ಈ ಮಳೆಗಾಲ ಮುಗಿಯುವ ತನಕ ಏನೂ ಮಾಡಬೇಡಿ. ಹೊಳೆಗೂ ಬೇಡ, ವ್ಯಾಪಾರಿಗೂ ಬೇಡ, ಲ್ಯಾಮಿನೇಶನ್ ಅಂಗಡಿಗೂ ಬೇಡ. ನಿಮಗೆ ಬಂದ ಸಲಹೆಗಳಲ್ಲಿ ಹೆಚ್ಚಿನವು ಒಮ್ಮೆ ಮಾಡಿದರೆ ಹಿಂದಕ್ಕೆ ಬರಲಾಗದಂಥವು. ಒರಲೆ ಹತ್ತದ, ನೀರು ಸೋರದ ಜಾಗದಲ್ಲಿ ಎರಡು ತಿಂಗಳು ಇಟ್ಟುಕೊಂಡರೆ ಪುಸ್ತಕಕ್ಕೆ ಹೊಸದಾಗಿ ಏನೂ ಆಗುವುದಿಲ್ಲ.

ನಿಮ್ಮ ಪತ್ರ ಓದಿದಾಗ ಎರಡು ಹೆದರಿಕೆ ಕಾಣಿಸಿತು. ಇಟ್ಟುಕೊಂಡರೆ ದೋಷ ತಟ್ಟೀತೇ ಅನ್ನುವುದು ಒಂದು. ಬಿಟ್ಟರೆ ಹಿರಿಯರ ವಸ್ತುವನ್ನು ಕೈಯಾರೆ ಕಳೆದ ಹಾಗಾದೀತೇ ಅನ್ನುವುದು ಇನ್ನೊಂದು. ಹಣದ ಮಾತು ನಿಮ್ಮದಲ್ಲ, ಉಳಿದವರದ್ದು. ಹಾಗಾಗಿ ಭಿನ್ನದ ವಿಷಯದಿಂದಲೇ ಶುರು ಮಾಡುತ್ತೇನೆ.

ನಾನು ಪುರೋಹಿತ ಅಲ್ಲ. ಹಳೇ ಪುಸ್ತಕ, ಹಳೇ ಅಚ್ಚಿನ ಚಿತ್ರ ರಿಪೇರಿ ಮಾಡುವವನು. ಆದರೆ ಈ ಕೆಲಸದಲ್ಲಿ ಮಠ, ಬಸದಿ, ವೈದಿಕರ ಮನೆ ಎಲ್ಲ ಕಡೆ ಓಡಾಡಿದ್ದೇನೆ. ಭಿನ್ನ ಅನ್ನುವ ನಿಯಮ ಪ್ರತಿಷ್ಠೆ ಮಾಡಿ ಪೂಜೆ ನಡೆಯುವ ಮೂರ್ತಿಗೆ ಸಂಬಂಧಿಸಿದ್ದು. ಕತೆಯ ನಡುವೆ ಬರುವ ಚಿತ್ರಕ್ಕೆ ಯಾರೂ ಪ್ರಾಣಪ್ರತಿಷ್ಠೆ ಮಾಡಿಲ್ಲ. ಅಂಚು ಮುರಿದ, ಹುಳ ತಿಂದ ಓಲೆಗರಿಗಳನ್ನು ಮಠಗಳು ಇವತ್ತಿಗೂ ಬಟ್ಟೆಯಲ್ಲಿ ಸುತ್ತಿ ಕಾಪಾಡುತ್ತಿವೆ. ಮೂಡುಬಿದಿರೆಯ ಜೈನ ಮಠದಲ್ಲಿರುವ ಧವಳಾ ಅನ್ನುವ ಜೈನ ಧರ್ಮಗ್ರಂಥಗಳು 12ನೇ ಶತಮಾನದ ಓಲೆಗಳು. ಅವುಗಳಲ್ಲಿ ಬಣ್ಣದ ಚಿತ್ರಗಳಿವೆ, ಅಲ್ಲಲ್ಲಿ ಸವೆದಿವೆ. ಸವೆದಿವೆ ಅಂತ ಯಾರೂ ಅವನ್ನು ನೀರಿಗೆ ಬಿಡಲಿಲ್ಲ.

ಹಾಗಂತ ಪುರೋಹಿತರು ಸುಳ್ಳು ಹೇಳಿದರು ಅಂತಲ್ಲ. ಗ್ರಂಥ ಜೀರ್ಣವಾದರೆ ನದಿಗೆ ಬಿಡುವ ಪದ್ಧತಿ ಇತ್ತು. ಆದರೆ ಅದಕ್ಕೆ ಮೊದಲು ಇನ್ನೊಂದು ಕೆಲಸ ಮಾಡುತ್ತಿದ್ದರು. ಹೊಸ ಪ್ರತಿ ಬರೆದುಕೊಳ್ಳುತ್ತಿದ್ದರು. ಅಕ್ಷರ ಹೊಸ ಓಲೆಗೆ ಬಂದ ಮೇಲೆ ಹಳೆಯದಕ್ಕೆ ಗೌರವದ ವಿದಾಯ. ನಿಮ್ಮ ಪುಸ್ತಕದ ಪ್ರತಿ ಯಾರೂ ಮಾಡಿಲ್ಲ. ಪದ್ಯಗಳು ಬೇರೆ ಮುದ್ರಣಗಳಲ್ಲಿ ಸಿಗುತ್ತವೆ ಸರಿ. ಈ ಚಿತ್ರಗಳು ಹೀಗೆ ಒಟ್ಟಿಗೆ, ಈ ಕೆರೆದ ಗುರುತುಗಳ ಜೊತೆ ಬೇರೆಲ್ಲೂ ಸಿಗುವುದಿಲ್ಲ. ಮನಸ್ಸಿಗೆ ಕಸಿವಿಸಿ ಅನ್ನಿಸಿದರೆ ಪುಸ್ತಕವನ್ನು ದೇವರ ಕೋಣೆಯಲ್ಲಿ ಇಡಬೇಡಿ, ಕಪಾಟಿನಲ್ಲಿಡಿ. ಪುರೋಹಿತರಿಗೂ ಇದನ್ನು ಹೇಳಿ ನೋಡಿ. ಹೆಚ್ಚಿನವರು ಒಪ್ಪುತ್ತಾರೆ.

ಇನ್ನು 1867. ಇದು ತುಂಬಾ ಜನ ಎಡವುವ ಜಾಗ. 1867ರಲ್ಲಿ ಬ್ರಿಟಿಷ್ ಸರ್ಕಾರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿಗೆ ಒಂದು ಕಾಯ್ದೆ ತಂದಿತು. ಅದು ಆ ವರ್ಷದ 25ನೇ ಆಕ್ಟು. ಆಮೇಲೆ ಎಷ್ಟೋ ವರ್ಷ ಪ್ರಕಾಶಕರು ಪುಸ್ತಕದಲ್ಲಿ ಆ ಸಾಲನ್ನು ಹಾಕುತ್ತಿದ್ದರು. ಅದು ಕಾಯ್ದೆಯ ಇಸವಿ, ಪುಸ್ತಕದ್ದಲ್ಲ. ನಿಮ್ಮ ಫೋಟೊಗಳಲ್ಲಿ ಹಿಂಬದಿಯ ಜಾಹೀರಾತಿನಲ್ಲಿ ಬೆಲೆ ರೂಪಾಯಿ–ಆಣೆಗಳಲ್ಲಿದೆ. ಅಂದರೆ 1957ರಲ್ಲಿ ನಯಾಪೈಸೆ ಬರುವುದಕ್ಕಿಂತ ಮುಂಚಿನದು. ಬಣ್ಣದ ಹಾಳೆ ಜರ್ಮನಿಯದು. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನಿಯ ಸರಕು ಇಲ್ಲಿಗೆ ಬರುವುದು ನಿಂತಿತು. ಯುದ್ಧ ಮುಗಿದ ಮೇಲೆ 1920ರ ದಶಕದಲ್ಲಿ ಮತ್ತೆ ಶುರುವಾಗಿ 1939ಕ್ಕೆ ಪುನಃ ನಿಂತಿತು. ಹಾಗಾಗಿ ನಿಮ್ಮದು 1914ಕ್ಕಿಂತ ಸ್ವಲ್ಪ ಹಿಂದಿನದ್ದೋ, ಎರಡು ಯುದ್ಧಗಳ ನಡುವಿನದ್ದೋ ಇರಬೇಕು. ಇನ್ನೂ ನಿಖರವಾಗಿ ಹೇಳಬೇಕಾದರೆ ಕಾಗದ ಕೈಯಲ್ಲಿ ಹಿಡಿದು ನೋಡಬೇಕು. ಜಾಹೀರಾತಿನ ಪುಟ ಮಾತ್ರ ಜೋಪಾನ. ಮೊದಲ ಪುಟ ಕಳೆದ ಪುಸ್ತಕಕ್ಕೆ ಅದೇ ದೊಡ್ಡ ಆಧಾರ. ಅಲ್ಲಿರುವ ಬೇರೆ ಪುಸ್ತಕಗಳ ಹೆಸರಿನಿಂದ ಪ್ರಕಾಶಕರನ್ನು ಹುಡುಕಬಹುದು.

ಈಗ ಚಿತ್ರಗಳು. ನೀವು ಕಳಿಸಿದ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರ ಕೆಳಗೆ 'ದ್ರುಪದನ ಸಭೆ' ಅಂತಿದೆ. ಇನ್ನೊಂದರ ಕೆಳಗೆ 'ವಿರಾಟನ ಓಲಗ'. ಎರಡೂ ಒಂದೇ ಚಿತ್ರ! ಸಿಂಹಾಸನದ ಎಡಗಾಲಿನ ಹತ್ತಿರ ಗೆರೆ ಒಂದು ಕಡೆ ತುಂಡಾಗಿದೆ. ಎರಡರಲ್ಲೂ ಅದೇ ಜಾಗದಲ್ಲಿ ತುಂಡಾಗಿದೆ. ಅಂದರೆ ಒಂದೇ ಬ್ಲಾಕನ್ನು, ಅಂದರೆ ಚಿತ್ರದ ಅಚ್ಚನ್ನು, ಎರಡು ಸಲ ಹಾಕಿದ್ದಾರೆ. ಇದು ಮೋಸವಲ್ಲ. ಚಿತ್ರ ಕೆತ್ತಿಸುವುದು ದುಬಾರಿ. ಮರದ ಅಚ್ಚು ಅಥವಾ ಸತುವಿನ ಬ್ಲಾಕನ್ನು ಅಕ್ಷರದ ಮೊಳೆಗಳ ಜೊತೆಯಲ್ಲೇ ಜೋಡಿಸಿ ಮುದ್ರಿಸಬಹುದಿತ್ತು. ಹಾಗಾಗಿ ಒಮ್ಮೆ ಮಾಡಿಸಿದ ರಾಜಸಭೆ, ರಥ, ಋಷ್ಯಾಶ್ರಮ ಎಲ್ಲ ಕತೆಗೂ ಒದಗುತ್ತಿತ್ತು. ಕೇಳುವವರೂ ತಕರಾರು ಮಾಡುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಸಭೆ ಅನ್ನುವ ಕಲ್ಪನೆ.

ಬಣ್ಣದ ಹಾಳೆಗಳ ಕತೆ ಬೇರೆ. ಅವು ಕಲ್ಲಚ್ಚಿನವು. ನುಣ್ಣನೆಯ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಎಂಟು ಹತ್ತು ಕಲ್ಲುಗಳ ಮೇಲೆ ಒಂದೇ ಹಾಳೆ ಸರಿಯಾಗಿ ಕೂತರೆ ಮಾತ್ರ ಮುಖ ಮುಖದ ಹಾಗೆ ಬರುತ್ತದೆ. ನಿಮ್ಮ ಕೃಷ್ಣನ ತುಟಿಯ ಕೆಂಪು ಕೂದಲೆಳೆಯಷ್ಟು ಆಚೆ ಸರಿದಿದೆ ನೋಡಿ. ಒಂದು ಕಲ್ಲಿನ ಮೇಲೆ ಹಾಳೆ ಸ್ವಲ್ಪ ಜರುಗಿತ್ತು. ಭೂತಗನ್ನಡಿ ಹಿಡಿದರೆ ಕೆನ್ನೆಯ ಮೇಲೆ ಅಡ್ಡಾದಿಡ್ಡಿ ಚುಕ್ಕೆಗಳು ಕಾಣುತ್ತವೆ. ಅವೆಲ್ಲ ಕೈಯಲ್ಲಿ ಇಟ್ಟ ಚುಕ್ಕೆ. ಸಾಲಾಗಿ, ಒಂದೇ ಅಂತರದಲ್ಲಿ ಚುಕ್ಕೆ ಕಂಡರೆ ಅದು ಆಮೇಲಿನ, ಕ್ಯಾಮೆರಾದಿಂದ ಮಾಡಿದ ಬ್ಲಾಕು. ನಕಲಿ ಹಾಳೆ ಕಂಡುಹಿಡಿಯುವುದೂ ಹೀಗೆಯೇ.

ಈ ಕೆಲಸ ಪುಸ್ತಕ ಮುದ್ರಿಸುವ ಯಂತ್ರದಲ್ಲಿ ಆಗುವುದಿಲ್ಲ. ಬೇರೆ ಕಡೆ, ದಪ್ಪ ಕಾಗದದಲ್ಲಿ ಮುದ್ರಿಸಿ ತಂದು, ಒಂದು ಅಂಚಿಗೆ ಮಾತ್ರ ಅಂಟು ಹಚ್ಚಿ ಪುಸ್ತಕದೊಳಗೆ ಕೂರಿಸುತ್ತಿದ್ದರು. ಮಗನಿಗೆ 'ಆಮೇಲೆ ಅಂಟಿಸಿದ್ದು' ಅಂತ ಅನ್ನಿಸಿದ್ದು ಅದಕ್ಕೆ. ಅಂಟಿಸಿದ್ದು ನಿಜ. ಆದರೆ ಅಂಟಿಸಿದ್ದು ಪುಸ್ತಕ ಕಟ್ಟಿದವರೇ.

ಜರ್ಮನಿಯಲ್ಲಿ ಮುದ್ರಣವಾದರೆ ದೇವರು ಜರ್ಮನಿಯವನೇ? ಅಲ್ಲ. ಕಲ್ಲಚ್ಚು ಹುಟ್ಟಿದ್ದೇ ಬವೇರಿಯಾದಲ್ಲಿ, 18ನೇ ಶತಮಾನದ ಕೊನೆಗೆ. ಒಳ್ಳೆಯ ಕಲ್ಲು, ಬಣ್ಣ, ನುರಿತ ಕೈ ಅಲ್ಲಿದ್ದವು. ಮುಂಬಯಿ, ಕರಾಚಿಯ ವ್ಯಾಪಾರಿಗಳು ಇಲ್ಲಿಯ ಕಲಾವಿದರಿಂದ ಚಿತ್ರ ಬರೆಸಿ, ಅಲ್ಲಿ ಮುದ್ರಿಸಿ ತರಿಸುತ್ತಿದ್ದರು. ಇಲ್ಲಿ ಮುದ್ರಿಸಿದವರೂ ಇದ್ದರು. ಪುಣೆಯಲ್ಲಿ 1878ರಲ್ಲಿ ಚಿತ್ರಶಾಲಾ ಮುದ್ರಣಾಲಯ ಶುರುವಾಯಿತು. ಅದರ ಹಿಂದೆ ಇದ್ದವರು ಮರಾಠಿ ಲೇಖಕ ವಿಷ್ಣುಶಾಸ್ತ್ರಿ ಚಿಪಳೂಣಕರ್. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದರು. ಯಂತ್ರ, ಕೆಲಸಗಾರರು ಜರ್ಮನಿಯಿಂದ ಬಂದರು. ಕೆಲವೇ ವರ್ಷದಲ್ಲಿ ಪ್ರೆಸ್ಸು ಲೋಣಾವಳಾ ಹತ್ತಿರ ಹೋಗಿ, ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಕೈಗೆ ಬಂತು. ದೇಶದ ಮನೆಮನೆಯ ಲಕ್ಷ್ಮಿ, ಸರಸ್ವತಿ ಅಲ್ಲಿಂದ ಹೊರಟವರು.

ಈಗ ಮರಾಠಿ ಸೀರೆ. ಇದು ನನಗೆ ಬಹಳ ಪ್ರೀತಿಯ ವಿಷಯ, ಸ್ವಲ್ಪ ಉದ್ದ ಬರೆದರೆ ಬೇಜಾರಾಗಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯ ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ತನಕ ನಮ್ಮ ಮುಖ ಮುಂಬಯಿ ಕಡೆಗೇ ಇತ್ತು. ಕಾರವಾರ, ಕುಮಟಾ ಬಂದರಿಗೆ ಆಗಬೋಟು, ಅಂದರೆ ಉಗಿಹಡಗು, ಬರುತ್ತಿತ್ತು. ಘಟ್ಟದ ಮೇಲಿನ ಹತ್ತಿ ಕುಮಟೆಗೆ ಇಳಿದು ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಕುಮಟಾ ಹತ್ತಿ ಅಂತಲೇ ಅದರ ಹೆಸರು. ಹೋದ ದಾರಿಯಲ್ಲೇ ಪುಸ್ತಕ, ಪಂಚಾಂಗ, ದೇವರ ಪಟ ಬಂದವು. ಮೈಸೂರಿನಲ್ಲಿ ಹಾಗಲ್ಲ. ಅಲ್ಲಿ ಅರಮನೆ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಂಥ ಸಚಿತ್ರ ಗ್ರಂಥ ಮಾಡಿಸಿದರು. ಚಿನ್ನದ ರೇಕು ಇಟ್ಟು ಬರೆಯುವ ಕಲಾವಿದರು ಅರಮನೆ ಆಶ್ರಯದಲ್ಲಿದ್ದರು. ನಮ್ಮ ಕಡೆ ಆ ಕಾಲಕ್ಕೆ ಅಂಥ ಅರಮನೆ ಉಳಿದಿರಲಿಲ್ಲ. ದಕ್ಷಿಣಕ್ಕೆ ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1841ರಲ್ಲೇ ಮುದ್ರಣ ಶುರು ಮಾಡಿತ್ತು. ಆ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಜೈಮಿನಿ ಭಾರತದಂಥ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ತಂದರು. ಆದರೆ ಅವರ ಆಸೆ ಇದ್ದದ್ದು ಅಕ್ಷರದ ಮೇಲೆ. ಬಣ್ಣದ ದೇವರು ನಮಗೆ ಸಿಕ್ಕಿದ್ದು ಮುಂಬಯಿ–ಪುಣೆಯಿಂದಲೇ.

ಆ ಚಿತ್ರಗಳ ನಿಲುವು ನೋಡಿ. ದ್ರೌಪದಿ ಒಂದು ಕೈ ಮುಂದೆ ಚಾಚಿ, ಮುಖ ಪಕ್ಕಕ್ಕೆ ತಿರುಗಿಸಿ ನಿಂತಿದ್ದಾಳೆ. ಹಿಂದೆ ಮಡಚಿ ಕಟ್ಟಿದ ಪರದೆ. ಇದು ನಾಟಕದ ರಂಗ. ಆ ಕಾಲದ ಚಿತ್ರಕಾರರು ಮರಾಠಿ ಮತ್ತು ಪಾರ್ಸಿ ನಾಟಕ ನೋಡಿ ಬೆಳೆದವರು. ಮರಾಠಿ ರಂಗಭೂಮಿ ಶುರುವಾದದ್ದು ಹೇಗೆ ಗೊತ್ತಾ? 1842ರಲ್ಲಿ ನಮ್ಮ ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತ ಮೇಳ, ಅಂದರೆ ಯಕ್ಷಗಾನದ ತಂಡ, ಸಾಂಗ್ಲಿಗೆ ಹೋಗಿ ಆಟ ಆಡಿತು. ಅಲ್ಲಿಯ ಅರಸರು ಅದನ್ನು ನೋಡಿ, ಮರಾಠಿಯಲ್ಲೂ ಹೀಗೆ ಮಾಡು ಅಂತ ವಿಷ್ಣುದಾಸ ಭಾವೆಗೆ ಹೇಳಿದರು. 1843ರಲ್ಲಿ ಭಾವೆ ಸೀತಾ ಸ್ವಯಂವರ ಆಡಿಸಿದರು. ಹಾಗಾಗಿ 'ಇದು ನಮ್ಮದಲ್ಲ' ಅಂತ ಮಗ ಹೇಳಿದರೆ ಕರ್ಕಿಯ ಹೆಸರು ಹೇಳಿ. ಆ ಹಾಳೆಯ ದ್ರೌಪದಿ ಮುಂಬಯಿಯಿಂದ ಬಂದವಳು ಹೌದು. ಆದರೆ ಅವಳು ನಿಂತ ರಂಗಕ್ಕೆ ನಮ್ಮ ಬಯಲಾಟದ ಋಣ ಇದೆ.

ಈ ಹಾಳೆಗಳು ಬರುವ ಮುಂಚೆ ನಿಮ್ಮ ಮನೆಯ ಹಿರಿಯರ ಕಣ್ಣಿನಲ್ಲಿ ಕೃಷ್ಣ ಹೇಗಿದ್ದ? ಒಂದು, ಆಟದ ಕೃಷ್ಣ, ಮುಂಡಾಸು ಕಟ್ಟಿ ಕುಣಿಯುವವನು. ಇನ್ನೊಂದು, ದೇವಸ್ಥಾನದ ಗೋಡೆಯ ಕಾವಿ ಚಿತ್ರ. ಸುಣ್ಣದ ಗಿಲಾಯದ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿ ಇರುವಾಗಲೇ ಚೂಪಾದ ಕಡ್ಡಿಯಿಂದ ಕೆರೆದು ಒಳಗಿನ ಬಿಳಿ ತೆಗೆಯುವ ಕೆಲಸ. ಶಿರಸಿ ಮಾರಿಕಾಂಬಾ ದೇವಸ್ಥಾನದಲ್ಲೇ ಅದರ ಮಾದರಿ ಇದೆ, ಹೋದಾಗ ನಿಂತು ನೋಡಿ. ಕೆಂಪು, ಬಿಳಿ ಎರಡೇ ಬಣ್ಣ. ನೆರಳಿಲ್ಲ, ಆಳವಿಲ್ಲ. ಅಂಥ ಕಣ್ಣಿಗೆ ಗುಲಾಬಿ ಕೆನ್ನೆಯ, ಮಾಂಸ–ಎಲುಬು ಇರುವ, ನಮ್ಮನ್ನೇ ನೋಡುವ ಕೃಷ್ಣ ಸಿಕ್ಕಾಗ ಏನಾಗಿರಬೇಕು! ಅದಕ್ಕೇ ನಿಮ್ಮ ಲಕ್ಷ್ಮಿಯ ಹಾಳೆಯ ಪಾದದ ಹತ್ತಿರ ಕುಂಕುಮದ ಕಲೆ ಇದೆ. ಪುಸ್ತಕದ ಚಿತ್ರಕ್ಕೆ ಯಾರೋ ಬೆರಳಿನಲ್ಲಿ ಕುಂಕುಮ ಇಟ್ಟಿದ್ದಾರೆ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆಗ ಗರ್ಭಗುಡಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಭಾರತ ಓದುವಾಗಲೂ ಜಗಲಿ ಮೇಲೆ ಯಾರು, ಅಂಗಳದಲ್ಲಿ ಯಾರು ಅನ್ನುವ ಲೆಕ್ಕ ಇತ್ತು. ಓದು ಅಂಗಳಕ್ಕೂ ಕೇಳಿಸುತ್ತಿತ್ತು. ಪುಸ್ತಕ ಕೈಗೆ ಸಿಗುತ್ತಿರಲಿಲ್ಲ. ಅಗ್ಗದ ಬಣ್ಣದ ಪಟ ಬಂದ ಮೇಲೆ ದೇವಸ್ಥಾನದ ಒಳಗೆ ಬಿಡದವರ ಮನೆಯಲ್ಲೂ ದೇವರು ಬಂದು ನಿಂತ. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಈ ಚಿತ್ರಗಳನ್ನು ಕೀಳು, ಪೇಟೆಯ ಸರಕು ಅಂತ ಹೇಳುವವರಿಗೆ ನಾನು ಇದನ್ನು ಯಾವಾಗಲೂ ನೆನಪಿಸುತ್ತೇನೆ.

ಆದರೆ ಇದೇ ಚಿತ್ರಗಳು ಒಂದು ಅನ್ಯಾಯವನ್ನೂ ಮಾಡಿವೆ. ಮಗಳ ಪ್ರಶ್ನೆ ಅಲ್ಲಿಗೇ ಬರುತ್ತದೆ. ಅವಳು ನೋಡಿದ್ದು ಸರಿ. ನೀವು ಕಳಿಸಿದ ಹಿಡಿಂಬ, ಬಕ ಇಬ್ಬರೂ ಮಸಿ ಬಣ್ಣ, ದಪ್ಪ ತುಟಿ. ಪಾಂಡವರು ಗುಲಾಬಿ. ಕಾವ್ಯದಲ್ಲಿ ಹೀಗಿದೆಯೇ? ಭಾರತ ಬರೆದ ವ್ಯಾಸರೇ ಕಪ್ಪು. ಕೃಷ್ಣ ಕಪ್ಪು. ಅರ್ಜುನ ಕಪ್ಪು. ದ್ರೌಪದಿಯ ಚೆಲುವನ್ನು ಹೊಗಳುವಾಗ ಅವಳ ಕಪ್ಪು ಮೈಬಣ್ಣವನ್ನೂ ಹೇಳುತ್ತಾರೆ. ಅಚ್ಚಿನ ಚಿತ್ರಗಳಲ್ಲಿ ಮಾತ್ರ ಕೃಷ್ಣನಿಗೆ ನೀಲಿ, ದ್ರೌಪದಿಗೆ ಹಾಲುಬಿಳುಪು, ಕಪ್ಪೆಲ್ಲ ರಾಕ್ಷಸರ ಪಾಲು. ಬರೆದವರು, ಬರೆಸಿದವರು, ಕೊಳ್ಳುವವರು ಹೆಚ್ಚಾಗಿ ಮೇಲ್ಜಾತಿಯ, ಪೇಟೆಯ ಜನ. ಆಳುತ್ತಿದ್ದವರು ಬಿಳಿಯರು, ಬಿಳಿ ಮೇಲು ಅಂತ ಶಾಲೆಯಲ್ಲೇ ಕಲಿಸಿದವರು. ಕಾಡಿನವರು, ಕೆಲಸದವರು ಹೇಗಿರುತ್ತಾರೆ ಅನ್ನುವ ಕಲ್ಪನೆ ನೇರವಾಗಿ ರಾಕ್ಷಸರ ಮುಖಕ್ಕೆ ಹೋಯಿತು. ಮುಂದೆ ಮಕ್ಕಳ ಚಿತ್ರಕಥೆಗಳಿಗೂ, ಟಿವಿಗೂ ಅದೇ ಹರಿಯಿತು. ಮಗಳಿಗೆ ಇದನ್ನು ಇದ್ದ ಹಾಗೆ ಹೇಳಿ. ಪುಸ್ತಕ ಉಳಿಸಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಅವಳು ಕೇಳಿದ ಪ್ರಶ್ನೆಗೆ ಸಾಕ್ಷಿ ಆ ಹಾಳೆಯಲ್ಲೇ ಇದೆ.

ಕೀಚಕನ ಎದುರು ಪಾತ್ರೆ ಹಿಡಿದು ನಿಂತ ಸೈರಂಧ್ರಿಯ ಹಾಳೆಗೂ ಒಂದು ಹಿನ್ನೆಲೆ ಇದೆ. ರವಿವರ್ಮರು ಈ ಪ್ರಸಂಗವನ್ನು ಬರೆದ ಮೇಲೆ ಅದು ಬಹಳ ಜನಪ್ರಿಯವಾಯಿತು. 1907ರಲ್ಲಿ ಮರಾಠಿಯ ಕೃ.ಪ್ರ. ಖಾಡಿಲಕರ್ ಕೀಚಕವಧ ನಾಟಕ ಬರೆದರು. ನೋಡಿದವರಿಗೆ ಕೀಚಕ ಅಂದರೆ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್, ದ್ರೌಪದಿ ಅಂದರೆ ಭಾರತ ದೇಶ ಅಂತ ತಕ್ಷಣ ಗೊತ್ತಾಯಿತು. 1910ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಪುರಾಣದ ಚಿತ್ರಗಳ ಮೇಲೂ ಆಗ ಪೊಲೀಸರ ಕಣ್ಣಿತ್ತು. ನಿಮ್ಮ ಜಗಲಿಯಲ್ಲಿ ವಿರಾಟ ಪರ್ವ ಓದಿದ್ದು ಮಳೆಗಾಗಿಯೇ ಇರಬಹುದು. ಆದರೆ ಆ ದಶಕಗಳಲ್ಲಿ ಕೀಚಕನ ಚಿತ್ರ ನೋಡಿದವರಿಗೆ ಬೇರೆ ಅರ್ಥವೂ ಹೊಳೆಯುತ್ತಿತ್ತು.

ದುಶ್ಶಾಸನನ ಮುಖದ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಅದನ್ನು ಸರಿ ಮಾಡಿಸಬೇಡಿ. ಫೋಟೊ ದೊಡ್ಡದು ಮಾಡಿ ನೋಡಿದೆ. ಕಣ್ಣು ಎರಡನ್ನೂ ಮೊದಲು ಚುಚ್ಚಿದ್ದಾರೆ, ಆಮೇಲೆ ಮುಖ ಕೆರೆದಿದ್ದಾರೆ. ಕೈಯ ಮೇಲೂ ಗೀರು ಇದೆ, ಸೀರೆ ಹಿಡಿದ ಬಲಗೈ ಮೇಲೆ ಮಾತ್ರ. ದ್ರೌಪದಿಯ ಸೆರಗಿಗೆ ಒಂದು ಗೀರೂ ತಾಗಿಲ್ಲ. ಇದು ಹುಡುಗಾಟ ಅಲ್ಲ, ನೋಡಿಕೊಂಡು ಮಾಡಿದ್ದು. ಹಳೇ ಪುರಾಣದ ಪುಸ್ತಕಗಳಲ್ಲಿ ರಾವಣ, ಕಂಸ, ದುಶ್ಶಾಸನರಿಗೆ ಹೀಗಾದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಓದು ಕೇಳಿ ಸಿಟ್ಟು ತಡೆಯದವರ ಕೈ ಅದು. ಮಕ್ಕಳೋ, ಮನೆಯ ಹೆಂಗಸರೋ, ಯಾರೋ. ಅವರ ಹೆಸರು ಎಲ್ಲೂ ಬರೆದಿಟ್ಟಿಲ್ಲ. ಅವರು ಆ ಪುಸ್ತಕ ಕೇಳಿದ್ದಕ್ಕೆ ಉಳಿದಿರುವ ಗುರುತು ಅದೊಂದೇ. ಕುಂಕುಮದ ಕಲೆಗೂ ಇದೇ ಮಾತು, ಒರೆಸಲು ಹೋಗಬೇಡಿ.

ವ್ಯಾಪಾರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿಯೇ ಇದೆ. ಬಿಡಿ ಹಾಳೆ ಕೇಳುವವರಿಗೆ ಕೊಡಬೇಡಿ. ಫ್ರೇಮು ಹಾಕಿ ಮಾರಲು ಅವರಿಗೆ ಹಾಳೆ ಸಾಕು. ಹಾಳೆ ಕಿತ್ತ ಮೇಲೆ ನಿಮ್ಮ ಹತ್ತಿರ ಉಳಿಯುವುದು ಬೆನ್ನು ಮುರಿದ ಪುಸ್ತಕ. ಬಿಡಿಯಾಗಿ ಸಿಗುವ ರವಿವರ್ಮ ಮಾದರಿಯ ಹಾಳೆಗಳು ಅಪರೂಪವೂ ಅಲ್ಲ, ಅವು ಸಾವಿರಗಟ್ಟಲೆ ಮುದ್ರಣವಾದವು. ಕನ್ನಡ ಭಾರತದ ಜೊತೆ, ಒಂದು ಊರಿನ ಓದಿನ ಗುರುತುಗಳ ಜೊತೆ ಇಡಿಯಾಗಿ ಉಳಿದದ್ದು ಅಪರೂಪ. ಮಗ ಹೇಳಿದ ಲಕ್ಷಗಟ್ಟಲೆ ಬೆಲೆಯ ಆಸೆಯೂ ಬೇಡ. ಮಾರಲೇಬೇಕು ಅಂತಾದರೆ ಇಡೀ ಪುಸ್ತಕವನ್ನೇ ಗೊತ್ತಿರುವ ಸಂಸ್ಥೆಗೆ ಕೊಡಿ. ಇನ್ನೊಂದು ವಿಷಯ: 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ಮೀರಿದ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವ ಹಾಗಿಲ್ಲ. ಹೊರದೇಶದ ಗಿರಾಕಿ ಇದ್ದಾರೆ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಲ್ಯಾಮಿನೇಶನ್ ಯಾಕೆ ಬೇಡ ಅಂತ ಹೇಳುತ್ತೇನೆ. ನಿಮ್ಮ ಪುಸ್ತಕ ಮುಟ್ಟಿದರೆ ಪುಡಿಯಾಗುವುದು ಹಳೆಯದಾಗಿದೆ ಅಂತ ಅಲ್ಲ. ಅದಕ್ಕಿಂತ ಹಳೆಯ ಕಾಗದ ಗಟ್ಟಿ ಇರುತ್ತದೆ, ಯಾಕೆಂದರೆ ಅದನ್ನು ಚಿಂದಿ ಬಟ್ಟೆಯಿಂದ ಮಾಡುತ್ತಿದ್ದರು. 19ನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಮಸಿ ಹರಡದಿರಲಿ ಅಂತ ಅದಕ್ಕೆ ರಾಳ ಮತ್ತು ಪಟಿಕ ಸೇರಿಸಿದರು. ಪಟಿಕದಿಂದ ಕಾಗದದೊಳಗೆ ಆಮ್ಲ ಹುಟ್ಟುತ್ತದೆ. ಅದು ನಿಧಾನಕ್ಕೆ ನಾರನ್ನು ತಿನ್ನುತ್ತದೆ. ನಮ್ಮ ಕಡೆಯ ಮಳೆ, ಸೆಕೆ ಅದನ್ನು ಇನ್ನೂ ಬೇಗ ಮಾಡುತ್ತವೆ. ಪ್ಲಾಸ್ಟಿಕ್ ಹಾಳೆಗಳ ನಡುವೆ ಬಿಸಿ ಒತ್ತಿ ಮುಚ್ಚಿದರೆ ಆಮ್ಲ ಒಳಗೇ ಉಳಿಯುತ್ತದೆ, ಕಾಗದ ಒಳಗೇ ಪುಡಿಯಾಗುತ್ತದೆ, ಬಿಡಿಸಲು ದಾರಿ ಇರುವುದಿಲ್ಲ. ಸೆಲೋಟೇಪೂ ಬೇಡ. ಕೆಲವು ವರ್ಷಕ್ಕೆ ಟೇಪು ಉದುರಿ, ಅಂಟಿನ ಕಂದು ಕಲೆ ಮಾತ್ರ ಉಳಿಯುತ್ತದೆ. ಮಜ್ಜಿಗೆಹುಲ್ಲಿನ ಎಣ್ಣೆ ಓಲೆಗೆ ಒಳ್ಳೆಯದು, ಒಣಗಿದ ಗರಿ ಮೆತ್ತಗಾಗುತ್ತದೆ. ಕಾಗದ ಅದನ್ನು ಹೀರಿಕೊಂಡು ಕಲೆಯಾಗುತ್ತದೆ.

ಈಗ ಮಾಡಬಹುದಾದದ್ದು. ಮೊದಲು ಫೋಟೊ. ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ಕೂತು ಪ್ರತಿ ಪುಟದ ಫೋಟೊ ತೆಗೆಯಿರಿ. ಮೊಬೈಲ್ ಸಾಕು. ಪುಸ್ತಕವನ್ನು ಪೂರ್ತಿ ಅಗಲಿಸಬೇಡಿ, ಎರಡೂ ಬದಿಗೆ ಮಡಚಿದ ಪಂಚೆ ಇಟ್ಟು ಆಸರೆ ಕೊಡಿ. ಬಣ್ಣದ ಹಾಳೆಗಳ ಹಿಂಬದಿಯನ್ನೂ ತೆಗೆಯಿರಿ. ಹಳೇ ಸಂಪ್ರದಾಯದ ಹೊಸ ಪ್ರತಿ ಅಂದರೆ ಇದೇ.

ಇಡುವ ಜಾಗ ಮೆತ್ತಿಯೂ ಅಲ್ಲ, ಅಡಿಗೆಮನೆಯ ಅಟ್ಟವೂ ಅಲ್ಲ. ಹೊಗೆಗೆ ಹುಳ ಬರುವುದಿಲ್ಲ ಅನ್ನುವುದು ನಿಜ, ಆದರೆ ಆ ಶಾಖಕ್ಕೆ ಕಾಗದ ಗರಿಗರಿಯಾಗುತ್ತದೆ. ನೆಲಮಟ್ಟದ ಕೋಣೆಯಲ್ಲಿ, ಹೊರಗೋಡೆಗೆ ತಾಗದ ಕಪಾಟು ಒಳ್ಳೆಯದು. ಗಂಜಿ ಹೋಗುವ ಹಾಗೆ ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿ ಇಡಿ, ನಿಲ್ಲಿಸಬೇಡಿ. ಬಜೆ ಬೇರಿನ ತುಂಡುಗಳನ್ನು ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡಿ. ಅದು ನಮ್ಮ ಹಿರಿಯರ ಉಪಾಯ, ಕೆಲಸ ಮಾಡುತ್ತದೆ. ನುಸಿಗುಳಿಗೆ ಪುಟಕ್ಕೆ ತಾಗಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಮಳೆಗಾಲದಲ್ಲಿ ಬೂಸ್ಟು ಕರೆದ ಹಾಗೆ. ನವರಾತ್ರಿಯಲ್ಲಿ ಶಾರದಾ ಪೂಜೆಗೆ ಪುಸ್ತಕ ಇಡುತ್ತೀರಲ್ವಾ, ಆಗ ಹೊರಗೆ ತೆಗೆದು ನೆರಳಿನಲ್ಲಿ ಗಾಳಿಗೆ ಇಡಿ, ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ, ಹೊಸ ತೂತು, ಪುಡಿ ಏನಾದರೂ ಇದೆಯಾ ನೋಡಿ. ಜೀವ ಇರುವ ಹುಳ ಕಂಡರೆ ಕೆಲವರು ಪುಸ್ತಕವನ್ನು ಗಾಳಿಯಾಡದ ಹಾಗೆ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುತ್ತಾರೆ. ಸಾದಾ ಪುಸ್ತಕಕ್ಕೆ ಅದು ಸರಿ. ನಿಮ್ಮ ಬಣ್ಣದ ಹಾಳೆಗಳ ಮೇಲೆ ವಾರ್ನಿಷ್ ಹೊಳಪು ಕಾಣುತ್ತಿದೆ, ತಣ್ಣಗಾದರೆ ಬಿರುಕು ಬಿಡಬಹುದು. ಹಾಗಾಗಿ ನೀವು ಮಾಡಬೇಡಿ.

ಹರಿದ ಕೃಷ್ಣನ ಹಾಳೆಯನ್ನು ಜೋಡಿಸಬಹುದು. ತೆಳುವಾದ ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು ಬಳಸಿ ಹಿಂಬದಿಯಿಂದ ಜೋಡಿಸುತ್ತಾರೆ. ನಾಳೆ ಬೇಡ ಅಂದರೆ ನೀರು ಸೋಕಿಸಿ ತೆಗೆಯಬಹುದು. ಆಮ್ಲ ಕಡಿಮೆ ಮಾಡುವ ಉಪಚಾರವೂ ಇದೆ. ಆದರೆ ಅದಕ್ಕೆ ಮುಂಚೆ ಬಣ್ಣ ಕರಗುತ್ತದಾ ಅಂತ ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಬೇಕು. ಬೆಂಗಳೂರಿನಲ್ಲಿ ಪಾರಂಪರಿಕ ವಸ್ತುಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ, ಮಗ ಅಲ್ಲೇ ಇರುವುದರಿಂದ ಅವನಿಗೆ ವಿಚಾರಿಸಲು ಹೇಳಿ. ಖರ್ಚು ಜಾಸ್ತಿ ಆಗಬಹುದು. ಇಡೀ ಪುಸ್ತಕಕ್ಕೆ ಬೇಡ, ಬಣ್ಣದ ಹಾಳೆಗಳು ಮತ್ತು ಬೆನ್ನಿಗೆ ಮಾತ್ರ ಮಾಡಿಸಿದರೂ ಸಾಕು.

ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲ ಅಂತಾದರೆ ಕೊಡುವುದೂ ಒಳ್ಳೆಯ ದಾರಿಯೇ. ಸಾಗರದ ಹತ್ತಿರ ಕೆಳದಿಯ ವಸ್ತುಸಂಗ್ರಹಾಲಯ ನಿಮಗೆ ಸಮೀಪ. ಧಾರವಾಡದಲ್ಲಿ 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಇದೆ. ಕೊಡುವಾಗ ಇದು ಯಾವ ಊರಿನ, ಯಾವ ಮನೆಯ ಪುಸ್ತಕ, ಯಾರು ಓದುತ್ತಿದ್ದರು ಅಂತ ಬರೆದು ಜೊತೆಗಿಡಿ, ರಶೀದಿ ತೆಗೆದುಕೊಳ್ಳಿ. ಇಲ್ಲಿರುವ ಅಪಾಯ ಒಂದೇ. ಕೆಲವು ಕಡೆ ಪುಸ್ತಕ ಕಟ್ಟಿನಲ್ಲೇ ಉಳಿದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಕೊಡುವ ಮುಂಚೆ ಫೋಟೊ ನಿಮ್ಮ ಹತ್ತಿರ ಇರಲಿ.

ನನ್ನನ್ನು ಕೇಳಿದರೆ, ಮಗಳಿಗೆ ಆಸಕ್ತಿ ಇರುವ ಹಾಗೆ ಕಾಣುವುದರಿಂದ ಸದ್ಯಕ್ಕೆ ಮನೆಯಲ್ಲೇ ಇಟ್ಟುಕೊಳ್ಳಿ. ಮಾವನವರು ಇದ್ದರೆ, ಅಥವಾ ಆ ಓದು ಕೇಳಿದ ಹಿರಿಯರು ಊರಿನಲ್ಲಿ ಯಾರಾದರೂ ಇದ್ದರೆ, ಪುಸ್ತಕ ಅವರ ಮುಂದೆ ಇಟ್ಟು ಮಾತಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ದುಶ್ಶಾಸನನ ಹಾಳೆಯನ್ನು ಮೊದಲು ತೋರಿಸಿ. ಯಾರು ಕೆರೆದದ್ದು ಅಂತ ಅವರಿಗೆ ಗೊತ್ತಿರಬಹುದು.